ಮುಂದಿನ ವರ್ಷಕ್ಕೆ ಸದ್ದಿಲ್ಲದ ಸಿಂಗಲ್ ರೂಮ್ ಹುಡುಕುವುದು ಹೇಗೆ?

ಮೊದಲನೇ ವರ್ಷದ ಹಾಸ್ಟೆಲ್ ರೂಮನ್ನು ನಾವು ಆರಿಸಿಕೊಳ್ಳುವುದಿಲ್ಲ, ಅದು ಬಂದು ನಮ್ಮ ಪಾಲಿಗೆ ಬೀಳುತ್ತದೆ. ನನ್ನ ಪಾಲಿಗೆ ಬಿದ್ದದ್ದು ಮೆಟ್ಟಿಲಿನ ಪಕ್ಕದ್ದು. ಮೆಟ್ಟಿಲಿಗೂ ಕಾರಿಡಾರಿಗೂ ನಡುವೆ ತಾನಾಗಿಯೇ ಮುಚ್ಚಿಕೊಳ್ಳುವ ಒಂದು ಭಾರದ ಬಾಗಿಲಿತ್ತು. ಯಾರು ಹೋದರೂ ಬಂದರೂ ಅದು ಧಡ್ ಅನ್ನುತ್ತಿತ್ತು. ಹಗಲು ಆ ಸದ್ದು ಲೆಕ್ಕಕ್ಕೇ ಬರುತ್ತಿರಲಿಲ್ಲ. ರಾತ್ರಿ ಒಂದು ಗಂಟೆಗೆ ಅದೇ ಸದ್ದಿಗೆ ಬೆಚ್ಚಿ ಎದ್ದು, ಹೊರಳಾಡಿ, ಮತ್ತೆ ನಿದ್ದೆ ಹತ್ತುವ ಹೊತ್ತಿಗೆ ಇನ್ಯಾರೋ ಮೆಟ್ಟಿಲು ಹತ್ತಿ ಬರುತ್ತಿದ್ದರು. ವರ್ಷ ಮುಗಿಯುವಷ್ಟರಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಸಿಂಗಲ್ ರೂಮ್ ಒಂದು ಸಿಕ್ಕಿಬಿಟ್ಟರೆ ಸಾಕು.

ಎರಡನೇ ವರ್ಷ ಸಿಕ್ಕಿತು. ಕೆಳಗಿನ ಮಹಡಿಯಲ್ಲಿ, ಸರಿಯಾಗಿ ನನ್ನ ಮಂಚದ ಅಡಿಗೆ, ಬಟ್ಟೆ ಒಗೆಯುವ ಮೆಷಿನ್‌ಗಳಿದ್ದವು. ಹಿಂಡುವ ಹೊತ್ತಿಗೆ ಅವು ಜೋರಾಗಿ ತಿರುಗಿದರೆ ಮೇಜಿನ ಮೇಲಿನ ಪೆನ್ನು ನಡುಗುತ್ತಿತ್ತು. ಆಗ ನನಗೆ ಅರ್ಥವಾಯಿತು, ಸಿಂಗಲ್ ರೂಮ್ ಬೇರೆ, ಸದ್ದಿಲ್ಲದ ರೂಮ್ ಬೇರೆ. ಸಿಂಗಲ್ ತಗೊಂಡರೆ ಒಬ್ಬ ರೂಮ್‌ಮೇಟಿನ ಸದ್ದು ಮಾತ್ರ ಹೋಗುತ್ತದೆ. ಉಳಿದದ್ದೆಲ್ಲ ಹಾಗೆಯೇ ಬರುತ್ತದೆ, ನಾಲ್ಕು ಗೋಡೆಗಳಿಂದ, ಮೇಲಿನಿಂದ, ಕೆಳಗಿನಿಂದ. ರೂಮಿಗೆ ಒಟ್ಟು ಆರು ಮುಖ. ಆರನ್ನೂ ಒಂದೊಂದಾಗಿ ನೋಡಿ ಆರಿಸಿದ ಮೂರನೇ ವರ್ಷದ ರೂಮಿನಲ್ಲಿ ನಾನು ಚೆನ್ನಾಗಿ ನಿದ್ದೆ ಮಾಡಿದೆ, ಚೆನ್ನಾಗಿ ಓದಿದೆ ಕೂಡ. ಅದನ್ನು ಹೇಗೆ ನೋಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೊಸಬರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ. ನೀವು ಈಗಾಗಲೇ ಅಲ್ಲೇ ಇದ್ದೀರಿ. ರಾತ್ರಿ ಹನ್ನೊಂದಕ್ಕೆ ಆ ಕಟ್ಟಡಕ್ಕೆ ನಡೆದು ಹೋಗಿ ಕಿವಿಯಿಟ್ಟು ಕೇಳಬಹುದು. ಈ ಅನುಕೂಲವನ್ನು ಬಳಸಿಕೊಳ್ಳುವವರು ಕಡಿಮೆ. ಹೆಚ್ಚಿನವರು ಕಾಗದದ ಮೇಲಿನ ನಕ್ಷೆ ನೋಡಿ, ರೂಮಿನ ಅಳತೆ ನೋಡಿ, ಗೆಳೆಯರು ಯಾವ ಕಟ್ಟಡ ಅಂತ ನೋಡಿ ಆರಿಸಿಬಿಡುತ್ತಾರೆ.

ಮೊದಲು ನಿಮ್ಮ ನಿದ್ದೆ ಕೆಡಿಸುವುದು ಯಾವ ಸದ್ದು ಅಂತ ತಿಳಿದುಕೊಳ್ಳಿ

ಒಬ್ಬರಿಗೆ ರಸ್ತೆಯ ಸದ್ದು ಜೋಗುಳದ ಹಾಗೆ, ಆದರೆ ಪಕ್ಕದ ರೂಮಿನ ಪಿಸುಮಾತಿಗೆ ಎಚ್ಚರವಾಗುತ್ತದೆ. ಇನ್ನೊಬ್ಬರಿಗೆ ಮಾತು ಪರವಾಗಿಲ್ಲ, ಮೇಲೆ ಯಾರೋ ಕುರ್ಚಿ ಎಳೆದರೆ ತಡೆಯಲಾಗುವುದಿಲ್ಲ. ನೀವು ಯಾವ ಪೈಕಿ? ಊಹೆ ಮಾಡಬೇಡಿ. ಒಂದು ವಾರ ಬರೆದಿಡಿ. ಎಚ್ಚರವಾದಾಗ, ಓದು ಕೆಟ್ಟಾಗ, ಹೊತ್ತು ಎಷ್ಟು, ಸದ್ದು ಎಂಥದ್ದು, ಎಲ್ಲಿಂದ ಬಂತು ಅಂತ ಒಂದೊಂದೇ ಸಾಲು ಸಾಕು. ನನ್ನ ಪಟ್ಟಿಯಲ್ಲಿ ಹದಿನಾಲ್ಕು ಸಾಲುಗಳಿದ್ದವು, ಅದರಲ್ಲಿ ಹತ್ತು ಬಾಗಿಲಿನದೇ. ನಾನು ಅಷ್ಟು ದಿನವೂ ಬೈದುಕೊಳ್ಳುತ್ತಿದ್ದದ್ದು ಪಕ್ಕದ ರೂಮಿನ ಹಾಡನ್ನು. ಅದು ಪಟ್ಟಿಯಲ್ಲಿ ಇದ್ದದ್ದು ಒಂದೇ ಒಂದು ಸಲ.

ಓದುವ ಹೊತ್ತಿನ ತೊಂದರೆಯನ್ನೂ ನಿದ್ದೆಯ ತೊಂದರೆಯನ್ನೂ ಬೇರೆ ಬೇರೆಯಾಗಿ ಬರೆಯಿರಿ, ಯಾಕೆಂದರೆ ಎರಡಕ್ಕೂ ಶತ್ರು ಒಂದೇ ಅಲ್ಲ. ಓದನ್ನು ಕೆಡಿಸುವುದು ಮುಖ್ಯವಾಗಿ ಅರ್ಥವಾಗುವ ಮಾತು. ಸದ್ದು ಸಣ್ಣದಾಗಿದ್ದರೂ ಪದಗಳು ತಿಳಿಯುತ್ತಿದ್ದರೆ ಮನಸ್ಸು ಅತ್ತ ಹೋಗಿಯೇ ಹೋಗುತ್ತದೆ. ನಿದ್ದೆಯನ್ನು ಕೆಡಿಸುವುದು ಹೆಚ್ಚಾಗಿ ಇದ್ದಕ್ಕಿದ್ದ ಹಾಗೆ ಬಂದು ಹೋಗುವ ಸದ್ದು. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲೂ ಒಂದೇ ಸಮ ಇರುವ ಸದ್ದನ್ನೂ ಹೀಗೆ ಬಂದು ಹೋಗುವ ಸದ್ದನ್ನೂ ಬೇರೆ ಮಾಡಿಯೇ ಹೇಳಿದ್ದಾರೆ. ಮಲಗುವ ಕೋಣೆಯೊಳಗೆ ಒಂದೇ ಸಮ ಇರುವ ಸದ್ದು 30 ಡೆಸಿಬಲ್ ದಾಟಬಾರದು, ನಡುವೆ ಬಂದು ಹೋಗುವ ಒಂದೊಂದು ಸದ್ದು 45 ದಾಟಬಾರದು ಅಂತ. ಒಂದೇ ಸಮನೆ ಗುಂಯ್ ಅನ್ನುವ ಫ್ಯಾನಿಗೆ ನಾವು ಒಗ್ಗಿಕೊಳ್ಳುತ್ತೇವೆ. ಧಡ್ ಅನ್ನುವ ಬಾಗಿಲಿಗೆ ಒಗ್ಗಿಕೊಳ್ಳುವುದು ತುಂಬ ಕಷ್ಟ, ನಾನಂತೂ ಒಂದು ವರ್ಷದಲ್ಲಿ ಒಗ್ಗಿಕೊಳ್ಳಲಿಲ್ಲ.

ನಿಯಮ ಮತ್ತು ತಾರೀಖು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಹಂಚಿಕೆ ಹೇಗೆ ನಡೆಯುತ್ತದೆ ಅಂತ ಹಾಸ್ಟೆಲ್ ಆಫೀಸಿನಲ್ಲಿ ಕೇಳಿ ತಿಳಿದುಕೊಳ್ಳಿ. ಹಳೆಯ ವಿದ್ಯಾರ್ಥಿಗಳಿಗೆ ಮೊದಲ ಅವಕಾಶವೋ, ಚೀಟಿ ಎತ್ತುತ್ತಾರೋ, ಅರ್ಜಿ ಮೊದಲು ಕೊಟ್ಟವರಿಗೆ ಮೊದಲೋ? ರೂಮ್ ನಂಬರನ್ನೇ ಆರಿಸಬಹುದೋ, ಇಲ್ಲ ಕಟ್ಟಡ ಮಾತ್ರವೋ? ಈಗಿರುವ ರೂಮನ್ನೇ ಉಳಿಸಿಕೊಳ್ಳುವವರು ಯಾವ ತಾರೀಖಿನೊಳಗೆ ಹೇಳಬೇಕು? ಈ ಕೊನೆಯ ಪ್ರಶ್ನೆ ಮುಖ್ಯ. ಆ ತಾರೀಖು ಕಳೆದ ಮೇಲಷ್ಟೇ ಯಾವ ರೂಮ್ ನಿಜವಾಗಿ ಖಾಲಿ ಅನ್ನುವುದು ಗೊತ್ತಾಗುತ್ತದೆ. ಸದ್ದಿನಿಂದ ತಲೆನೋವು ಜಾಸ್ತಿಯಾಗುವುದು, ನಿದ್ದೆಯ ಕಾಯಿಲೆ, ಗಮನ ಕೇಂದ್ರೀಕರಿಸುವ ತೊಂದರೆ ಇಂಥದ್ದು ಏನಾದರೂ ಇದ್ದರೆ ಡಾಕ್ಟರ ಪತ್ರ ಇಟ್ಟು ಕೇಳಲು ಅವಕಾಶ ಇದೆಯೇ ಅಂತ ವಿಚಾರಿಸಿ. ಇಂಥ ಅರ್ಜಿಗಳ ಕೊನೆಯ ದಿನ ಎಷ್ಟೋ ಕಡೆ ಸಾಮಾನ್ಯ ಅರ್ಜಿಗಿಂತ ಮುಂಚೆಯೇ ಇರುತ್ತದೆ. ಇದನ್ನು ಕೇಳುವುದಕ್ಕೆ ಮುಜುಗರ ಪಡಬೇಡಿ, ಆ ವ್ಯವಸ್ಥೆ ಇರುವುದೇ ನಿಮಗಾಗಿ.

ಸಿಂಗಲ್ ಅನ್ನುವುದರಲ್ಲೂ ಬಗೆಗಳಿವೆ. ಕಾರಿಡಾರಿಗೆ ನೇರವಾಗಿ ಬಾಗಿಲಿರುವುದು ಒಂದು. ಮೂರ್ನಾಲ್ಕು ಜನ ಒಂದು ಹಾಲ್, ಒಂದು ಬಾತ್‌ರೂಮ್ ಹಂಚಿಕೊಂಡು, ಮಲಗುವುದಕ್ಕೆ ಮಾತ್ರ ಬೇರೆ ಬೇರೆ ಕೋಣೆ ಇರುವುದು ಇನ್ನೊಂದು. ಎರಡನೆಯದರಲ್ಲಿ ಕಾರಿಡಾರಿನ ಸದ್ದು ಎರಡು ಬಾಗಿಲು ದಾಟಿ ಬರಬೇಕು, ಅದು ಒಳ್ಳೆಯದೇ. ಆದರೆ ನಿಮ್ಮ ಬಾಗಿಲಾಚೆಗಿನ ಹಾಲಿನಲ್ಲಿ ಯಾರ ಗೆಳೆಯರು ಎಷ್ಟು ಹೊತ್ತಿನವರೆಗೆ ಕೂರುತ್ತಾರೆ ಅನ್ನುವುದು ನಿಮ್ಮ ಕೈಯಲ್ಲಿರುವುದಿಲ್ಲ. ಜೊತೆಗಿರುವವರು ಯಾರು ಅಂತ ಮೊದಲೇ ಗೊತ್ತಿಲ್ಲದಿದ್ದರೆ ನಾನು ಕಾರಿಡಾರಿಗೆ ಬಾಗಿಲಿರುವ ರೂಮನ್ನೇ ಆರಿಸುತ್ತೇನೆ.

ಈಗ ಆರು ಮುಖ

ಸದ್ದು ಎರಡು ದಾರಿಯಲ್ಲಿ ಬರುತ್ತದೆ. ಒಂದು ಗಾಳಿಯಲ್ಲಿ: ಮಾತು, ಹಾಡು, ವಾಹನ. ಇನ್ನೊಂದು ಕಟ್ಟಡದ ಮೈಯಲ್ಲೇ: ಹೆಜ್ಜೆ, ಎಳೆದ ಕುರ್ಚಿ, ಬಡಿದ ಬಾಗಿಲು, ಪೈಪು, ಮೆಷಿನ್. ಗಾಳಿಯ ಸದ್ದನ್ನು ದಪ್ಪ ಗೋಡೆ ತಡೆಯುತ್ತದೆ, ಸಂದು ಮುಚ್ಚಿದರೆ ಇನ್ನೂ ಕಡಿಮೆಯಾಗುತ್ತದೆ. ಕಟ್ಟಡದ ಮೈಯಲ್ಲಿ ಹರಿಯುವ ಸದ್ದಿಗೆ ಗೋಡೆ ಗಟ್ಟಿಯಾಗಿದ್ದರೂ ಪ್ರಯೋಜನ ಕಡಿಮೆ, ಆ ಗೋಡೆಯೇ ಅದರ ದಾರಿ. ರೂಮಿಗೆ ಸೇರಿದ ಮೇಲೆ ನೀವು ಏನಾದರೂ ಮಾಡಿ ಸರಿಪಡಿಸಬಹುದಾದದ್ದು ಮೊದಲನೆಯದನ್ನು. ಎರಡನೆಯದಕ್ಕೆ ಮದ್ದು ಒಂದೇ, ಅದಿಲ್ಲದ ರೂಮನ್ನು ಮೊದಲೇ ಆರಿಸುವುದು. ಹಾಗಾಗಿ ರೂಮ್ ಹುಡುಕುವಾಗ ನಿಮ್ಮ ಗಮನದ ಹೆಚ್ಚಿನ ಪಾಲು ಎರಡನೆಯದರ ಮೇಲಿರಲಿ.

*ಮೇಲೆ.* ಕೊನೆಯ ಮಹಡಿ ಆದರೆ ತಲೆಯ ಮೇಲೆ ಯಾರೂ ನಡೆಯುವುದಿಲ್ಲ. ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಲಾಭ ಬೇರೆ ಯಾವ ಮುಖದಿಂದಲೂ ಸಿಗುವುದಿಲ್ಲ. ಆದರೂ ಕಣ್ಣುಮುಚ್ಚಿ ಒಪ್ಪಬೇಡಿ, ತಾರಸಿಯ ಮೇಲೆ ಏನಿದೆ ಅಂತ ಕೇಳಿ. ಹಗ್ಗದಲ್ಲಿ ಎಳೆಯುವ ಲಿಫ್ಟುಗಳ ಮೋಟಾರು ಸಾಮಾನ್ಯವಾಗಿ ಲಿಫ್ಟ್ ಹತ್ತಿ ಇಳಿಯುವ ಜಾಗದ ನೆತ್ತಿಯ ಮೇಲೆ ಇರುತ್ತದೆ, ಅದರ ಪಕ್ಕದ ಕೊನೆಯ ಮಹಡಿಯ ರೂಮಿಗೆ ಪ್ರತಿ ಸಲ ಲಿಫ್ಟ್ ಹೊರಟಾಗಲೂ ಟಕ್ ಅನ್ನುವ ಸದ್ದು, ಆಮೇಲೆ ಗುಂಯ್ ಅನ್ನುವ ಸದ್ದು ಇಳಿದು ಬರುತ್ತದೆ. ನೀರಿನ ಟ್ಯಾಂಕು, ಪಂಪು, ಏಸಿಯ ದೊಡ್ಡ ಯಂತ್ರಗಳೂ ಅಲ್ಲೇ ಇರಬಹುದು. ತಾರಸಿಯನ್ನು ಜನ ಓಡಾಡುವುದಕ್ಕೆ ತೆರೆದಿಟ್ಟಿದ್ದಾರೋ ಅನ್ನುವುದನ್ನೂ ಕೇಳಿ. ಬಿಸಿಲಿಗೆ ಕಾಯುವ ಛಾವಣಿಯ ಕೆಳಗಿನ ರೂಮು ಸೆಕೆಯಾಗಿರುತ್ತದೆ, ಸೆಕೆಗೆ ಕಿಟಕಿ ತೆರೆದರೆ ಹೊರಗಿನ ಸದ್ದು ಒಳಗೆ ಬರುತ್ತದೆ. ಈ ಒಂದು ಸರಪಳಿಯನ್ನು ತುಂಬ ಜನ ಮರೆಯುತ್ತಾರೆ.

*ಕೆಳಗೆ.* ಕೆಳಗಿನ ಮಹಡಿಯ ನಕ್ಷೆ ತರಿಸಿಕೊಂಡು ನಿಮ್ಮ ರೂಮಿನ ಅಡಿಗೆ ಸರಿಯಾಗಿ ಏನಿದೆ ಅಂತ ನೋಡಿ. ಇನ್ನೊಂದು ರೂಮಿದ್ದರೆ ಚಿಂತೆ ಕಡಿಮೆ. ಕಾಮನ್ ರೂಮ್, ಟೀವಿ ಹಾಲ್, ವ್ಯಾಯಾಮದ ಕೋಣೆ, ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ಮುಖ್ಯ ಬಾಗಿಲು, ಇವುಗಳಲ್ಲಿ ಯಾವುದಿದ್ದರೂ ಬೇರೆ ರೂಮ್ ನೋಡಿ. ಸಾಮಾನ್ಯವಾಗಿ ಇವೆಲ್ಲ ನೆಲಮಹಡಿಯಲ್ಲಿ ಇರುವುದರಿಂದ ಮೊದಲನೇ ಮಹಡಿಯವರು ಇದನ್ನು ಬಿಡದೆ ನೋಡಬೇಕು. ಸ್ಪೀಕರಿನ ಢಂ ಢಂ ಅನ್ನುವ ದಪ್ಪ ಸದ್ದು ಗೋಡೆ, ನೆಲ ಎರಡನ್ನೂ ಸುಲಭವಾಗಿ ದಾಟಿ ಬರುತ್ತದೆ. ಹಾಡಿನ ಮಾತು ಕೇಳಿಸದಿದ್ದರೂ ತಾಳ ಮಾತ್ರ ದಿಂಬಿನವರೆಗೆ ಬರುತ್ತದೆ ಅಲ್ವಾ, ಅದೇ ಇದು.

*ಬಾಗಿಲ ಕಡೆ.* ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆಯಿರಿ. ಜನ ಎಲ್ಲೆಲ್ಲಿ ನಿಲ್ಲುತ್ತಾರೆ ಅಂತ ನೋಡಿ. ನೀರು ಹಿಡಿಯುವ ಜಾಗ, ಲಿಫ್ಟಿನ ಮುಂದೆ, ನೋಟಿಸ್ ಬೋರ್ಡ್, ಬಾತ್‌ರೂಮಿನ ಬಾಗಿಲು, ಫೋನಿಗೆ ಸಿಗ್ನಲ್ ಚೆನ್ನಾಗಿ ಸಿಗುವ ಮೂಲೆ. ಈ ಸಿಗ್ನಲ್ ಮೂಲೆಯನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ, ರಾತ್ರಿ ಎರಡು ಗಂಟೆಯವರೆಗೆ ಅಲ್ಲಿ ಯಾರಾದರೂ ಮಾತಾಡುತ್ತಲೇ ಇರುತ್ತಾರೆ. ಕಾರಿಡಾರ್ ಮುಗಿಯುವ ಕಡೆ, ಆಚೆಗೆ ದಾರಿ ಇಲ್ಲದ ತುದಿಯ ರೂಮು ಒಳ್ಳೆಯದು. ನಿಮ್ಮ ಬಾಗಿಲನ್ನು ದಾಟಿ ಹೋಗುವವರೇ ಇರುವುದಿಲ್ಲ. ಆದರೆ ತುದಿಯಲ್ಲಿ ಇನ್ನೊಂದು ಮೆಟ್ಟಿಲು ಇದ್ದರೆ ಲೆಕ್ಕ ತಲೆಕೆಳಗಾಗುತ್ತದೆ, ನನ್ನ ಮೊದಲ ವರ್ಷದ ಕಥೆ ಅದೇ.

ಇನ್ನು ಬಾಗಿಲು. ಬೆರಳ ಗೆಣ್ಣಿನಿಂದ ತಟ್ಟಿ. ಪೊಳ್ಳು ಸದ್ದು ಬಂದರೆ ಅದು ಒಳಗೆ ಖಾಲಿ ಇರುವ ಹಗುರ ಬಾಗಿಲು, ಮಾತು ಅದರ ಮೂಲಕವೇ ಬರುತ್ತದೆ. ಆಮೇಲೆ ಬಗ್ಗಿ ಕೆಳಗಿನ ಸಂದು ನೋಡಿ. 90 ಸೆಂಟಿಮೀಟರ್ ಅಗಲದ ಬಾಗಿಲಿನ ಕೆಳಗೆ 1 ಸೆಂಟಿಮೀಟರ್ ಸಂದು ಇದ್ದರೆ ಒಟ್ಟು 90 ಚದರ ಸೆಂಟಿಮೀಟರ್ ಆಯಿತು. ಅಂದರೆ ಬಾಗಿಲಿಗೆ ನಿಮ್ಮ ಅಂಗೈ ಅಗಲದ ಒಂದು ತೂತು ಕೊರೆದಿಟ್ಟ ಹಾಗೆ. ಬಾಗಿಲು ಎಷ್ಟೇ ಗಟ್ಟಿಯಾಗಿದ್ದರೂ ಸದ್ದು ಆ ಸಂದಿನಲ್ಲಿ ನುಗ್ಗುತ್ತದೆ. ಇದನ್ನು ಮುಚ್ಚುವುದು ಸುಲಭ, ಹಾಗಾಗಿ ಸಂದು ಇದೆ ಅಂತ ಒಳ್ಳೆಯ ರೂಮನ್ನು ಬಿಡಬೇಡಿ. ಹಗುರ ಬಾಗಿಲನ್ನು ಮಾತ್ರ ನೀವು ಬದಲಿಸಲಾರಿರಿ.

*ಅಕ್ಕಪಕ್ಕದ ಗೋಡೆಗಳು.* ಇಲ್ಲೂ ತಟ್ಟಿ ನೋಡಿ. ಇಟ್ಟಿಗೆ ಅಥವಾ ಕಾಂಕ್ರೀಟ್ ಗೋಡೆ ಬೆರಳಿಗೆ ನೋವಾಗುವಷ್ಟು ಗಟ್ಟಿ, ಸದ್ದು ಮೊಂಡು. ಜಿಪ್ಸಮ್ ಹಲಗೆಯ ಗೋಡೆ ಡಬ್ ಡಬ್ ಅನ್ನುತ್ತದೆ. ದೊಡ್ಡ ರೂಮೊಂದನ್ನು ಆಮೇಲೆ ಎರಡು ಸಿಂಗಲ್ ಮಾಡಿದ್ದರೆ ಒಂದು ಗೋಡೆ ಗಟ್ಟಿ, ಇನ್ನೊಂದು ಹಲಗೆಯದು ಆಗಿರುವ ಸಾಧ್ಯತೆ ಜಾಸ್ತಿ. ಹಾಗಾಗಿ ಒಂದನ್ನು ತಟ್ಟಿ ಸುಮ್ನೆ ಬರಬೇಡಿ, ಎರಡನ್ನೂ ತಟ್ಟಿ. ಸ್ವಿಚ್ ಬೋರ್ಡುಗಳನ್ನೂ ಗಮನಿಸಿ. ನಿಮ್ಮದೂ ಪಕ್ಕದವರದೂ ಬೆನ್ನಿಗೆ ಬೆನ್ನು ಕೊಟ್ಟ ಹಾಗೆ ಒಂದೇ ಜಾಗದಲ್ಲಿದ್ದರೆ ಅಲ್ಲಿ ಗೋಡೆಯೇ ತೆಳು, ಮಾತು ಅಲ್ಲಿಂದ ಸೋರುತ್ತದೆ. ಎರಡು ರೂಮುಗಳ ನಡುವೆ ಗೋಡೆಯುದ್ದಕ್ಕೂ ಬಟ್ಟೆಯ ಕಪಾಟು ಕಟ್ಟಿದ್ದರೆ ಅದು ನಿಜವಾಗಿ ಉಪಯೋಗಕ್ಕೆ ಬರುತ್ತದೆ, ತುಂಬಿದ ಕಪಾಟು ಸದ್ದನ್ನು ತಕ್ಕಮಟ್ಟಿಗೆ ತಡೆಯುತ್ತದೆ.

ಗೋಡೆಯ ಆಚೆ ಬಾತ್‌ರೂಮ್ ಇದ್ದರೆ ಪೈಪು ಆ ಗೋಡೆಯೊಳಗೇ ಇರುತ್ತದೆ. ಫ್ಲಶ್ ಮಾಡಿಸಿ ಕೇಳಿ. ಜೊತೆಗೊಬ್ಬರನ್ನು ಕರೆದುಕೊಂಡು ಹೋದರೆ ಇದು ಸುಲಭ, ಅವರು ಅಲ್ಲಿ ನಲ್ಲಿ ಬಿಟ್ಟು ನಿಲ್ಲಿಸಿ ಮಾಡುತ್ತಾರೆ, ನೀವು ಇಲ್ಲಿ ಮಂಚದ ಜಾಗದಲ್ಲಿ ತಲೆಯಿಟ್ಟು ಕೇಳುತ್ತೀರಿ. ನಲ್ಲಿ ತಟ್ಟನೆ ನಿಲ್ಲಿಸಿದಾಗ ಪೈಪು ಟಣ್ ಅಂತ ಬಡಿದುಕೊಂಡರೆ ಆ ಸದ್ದು ರಾತ್ರಿಯೆಲ್ಲ ಇರುತ್ತದೆ ಅಂತಲೇ ತಿಳಿಯಿರಿ.

ಮೂಲೆಯ ರೂಮಿಗೆ ಒಂದು ಕಡೆ ಮಾತ್ರ ನೆರೆ. ಅದಕ್ಕೇ ಅದನ್ನು ಎಲ್ಲರೂ ಬಯಸುತ್ತಾರೆ. ಆದರೆ ಅಲ್ಲಿ ಕಿಟಕಿಗಳೂ ಎರಡು ಕಡೆ ಇರಬಹುದು. ಒಬ್ಬ ನೆರೆಯ ಬದಲು ಒಂದು ರಸ್ತೆಯನ್ನು ಪಡೆದ ಹಾಗೆ ಆಗಬಾರದು.

*ಕಿಟಕಿ ಕಡೆ.* ಕಿಟಕಿಯಿಂದ ಕಾಣುವ ನೋಟಕ್ಕೆ ಮರುಳಾಗಬೇಡಿ. ಕೆಳಗೆ ಏನಿದೆ? ಬೈಕ್ ನಿಲ್ಲಿಸುವ ಜಾಗ, ಆಟದ ಮೈದಾನ, ಸಾಮಾನು ಇಳಿಸುವ ಹಿಂಬಾಗಿಲು, ಕಸದ ಗಾಡಿ ಬರುವ ದಾರಿ, ಜನರೇಟರ್, ಅಡುಗೆಮನೆಯ ಹೊಗೆ ಎಳೆಯುವ ಫ್ಯಾನು. ಕಸದ ಗಾಡಿ ಹಗಲು ಕಾಣಿಸುವುದಿಲ್ಲ, ಎಷ್ಟೋ ಕಡೆ ಅದು ಬೆಳಕು ಹರಿಯುವ ಮೊದಲೇ ಬಂದು ಹೋಗುತ್ತದೆ. ಒಳ ಅಂಗಳಕ್ಕೆ ಮುಖ ಮಾಡಿದ ರೂಮು ಶಾಂತವಾಗಿರುತ್ತದೆ ಅಂತ ಜನ ನಂಬುತ್ತಾರೆ. ರಸ್ತೆಯ ಸದ್ದು ಅಲ್ಲಿ ಕಡಿಮೆ, ನಿಜ. ಆದರೆ ನಾಲ್ಕು ಕಡೆ ಗೋಡೆ ಇರುವ ಅಂಗಳದಲ್ಲಿ ಒಬ್ಬರು ನಕ್ಕರೂ ಗೋಡೆಯಿಂದ ಗೋಡೆಗೆ ತಾಗಿ ಎಲ್ಲ ಕಿಟಕಿಗಳಿಗೂ ಕೇಳುತ್ತದೆ. ಮರಗಳಿವೆ, ಸದ್ದು ತಡೆಯುತ್ತವೆ ಅನ್ನುವುದೂ ಅಷ್ಟೇ. ಒಂದು ಸಾಲು ಮರ ಕಣ್ಣಿಗೆ ತಂಪು, ಕಿವಿಗೆ ಹೆಚ್ಚೇನೂ ಮಾಡುವುದಿಲ್ಲ.

ದೂರ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಅಂದಾಜು: ಒಂದೇ ಜಾಗದಿಂದ ಹೊರಡುವ ಸದ್ದು ಬಯಲಿನಲ್ಲಿ, ನೀವು ಎರಡರಷ್ಟು ದೂರ ಹೋದರೆ ಸುಮಾರು 6 ಡೆಸಿಬಲ್ ಇಳಿಯುತ್ತದೆ. 10 ಡೆಸಿಬಲ್ ಇಳಿದರೆ ನಮ್ಮ ಕಿವಿಗೆ ಸದ್ದು ಅರ್ಧವಾದ ಹಾಗೆ ಅನ್ನಿಸುತ್ತದೆ. ಅರೆ ತೆರೆದ ಕಿಟಕಿ ಹೊರಗಿನ ಸದ್ದನ್ನು ಕಡಿಮೆ ಮಾಡುವುದು ಸುಮಾರು 15 ಡೆಸಿಬಲ್ ಅಷ್ಟೇ, ಸರಿಯಾಗಿ ಮುಚ್ಚಿಕೊಳ್ಳುವ ಕಿಟಕಿ ಅದಕ್ಕಿಂತ ತುಂಬ ಹೆಚ್ಚು ತಡೆಯುತ್ತದೆ. ಹಾಗಾಗಿ ಕಿಟಕಿಯನ್ನು ನೀವೇ ಮುಚ್ಚಿ ನೋಡಿ. ಚಿಲಕ ಪೂರ್ತಿ ಕೂರುತ್ತದೆಯೇ, ಅಂಚಿನ ರಬ್ಬರು ಇದೆಯೇ, ಗಾಳಿ ಎಲ್ಲಿಂದಲಾದರೂ ನುಸುಳುತ್ತದೆಯೇ? ಗಾಳಿ ಬರುವ ಕಡೆಯೆಲ್ಲ ಸದ್ದೂ ಬರುತ್ತದೆ. ನೀವು ಕಿಟಕಿ ತೆರೆದೇ ಮಲಗುವವರಾದರೆ ಈ ಮುಖವನ್ನು ಗೋಡೆ ಅಂತಲೇ ಎಣಿಸಬೇಡಿ, ಆಗ ಕಿಟಕಿ ಯಾವ ದಿಕ್ಕಿಗಿದೆ ಅನ್ನುವುದೇ ಎಲ್ಲಕ್ಕಿಂತ ಮುಖ್ಯವಾಗುತ್ತದೆ.

ಹೋಗಿ ಕೇಳಿ, ಅದೂ ಸರಿಯಾದ ಹೊತ್ತಿಗೆ

ಹಂಚಿಕೆ ಎಷ್ಟೋ ಕಡೆ ವರ್ಷದ ಕೊನೆಯಲ್ಲಿ ನಡೆಯುತ್ತದೆ. ಆಗ ಪರೀಕ್ಷೆ. ಇಡೀ ಹಾಸ್ಟೆಲ್ ಓದುತ್ತಾ ಕೂತಿರುತ್ತದೆ, ಅರ್ಧ ಜನ ಲೈಬ್ರರಿಯಲ್ಲಿರುತ್ತಾರೆ. ಆ ವಾರ ಹೋಗಿ ನೋಡಿದರೆ ಎಲ್ಲ ರೂಮುಗಳೂ ಶಾಂತವೇ. ಪರೀಕ್ಷೆಗೆ ಒಂದೆರಡು ತಿಂಗಳು ಮುಂಚೆ, ಸಾಮಾನ್ಯ ವಾರವೊಂದರಲ್ಲಿ ಹೋಗಿ. ಮೂರು ಹೊತ್ತು ಸಾಕು: ರಜೆಯ ಹಿಂದಿನ ರಾತ್ರಿ ಹನ್ನೊಂದರಿಂದ ಹನ್ನೆರಡು, ಕೆಲಸದ ದಿನ ಬೆಳಿಗ್ಗೆ ಆರು, ಮತ್ತೆ ನೀವು ಓದಲು ಕೂರುವ ಸಂಜೆಯ ಹೊತ್ತು. ಮಧ್ಯಾಹ್ನ ಎರಡಕ್ಕೆ ಹೋಗಿ ನೋಡಿ ಬರುವುದರಿಂದ ಏನೂ ಗೊತ್ತಾಗುವುದಿಲ್ಲ.

ರೂಮಿನೊಳಗೆ ಹೋಗಲು ಆಗದಿದ್ದರೆ ಬಾಗಿಲ ಹೊರಗೆ ಹತ್ತು ನಿಮಿಷ ನಿಲ್ಲಿ. ಒಳಗೆ ಬಿಟ್ಟರೆ ಬಾಗಿಲು ಕಿಟಕಿ ಮುಚ್ಚಿ, ಮಾತಾಡದೆ ಕಾಲು ಗಂಟೆ ಕೂತುಕೊಳ್ಳಿ. ಫೋನಿನಲ್ಲಿ ಸದ್ದು ಅಳೆಯುವ ಆ್ಯಪ್ ಹಾಕಿಕೊಂಡರೆ ಒಳ್ಳೆಯದು, ಆದರೆ ಅದು ತೋರಿಸುವ ಅಂಕಿಯನ್ನೇ ಪೂರ್ತಿ ನಂಬಬೇಡಿ. ತುಂಬ ಸಣ್ಣ ಸದ್ದನ್ನು ಫೋನಿನ ಮೈಕು ಸರಿಯಾಗಿ ಅಳೆಯಲಾರದು, ಒಂದು ಫೋನು ಹೇಳುವುದಕ್ಕೂ ಇನ್ನೊಂದು ಹೇಳುವುದಕ್ಕೂ ವ್ಯತ್ಯಾಸ ಇರುತ್ತದೆ. ಹೋಲಿಸುವುದಕ್ಕೆ ಮಾತ್ರ ಬಳಸಿ. ಅದೇ ಫೋನು, ಮಂಚದ ತಲೆಯ ಕಡೆಯ ಅದೇ ಜಾಗ, ಅದೇ ಹೊತ್ತು, ಎರಡು ರೂಮು. ಸರಾಸರಿಯ ಜೊತೆಗೆ ಅತಿ ಹೆಚ್ಚು ಎಷ್ಟಕ್ಕೆ ಹೋಯಿತು ಅನ್ನುವುದನ್ನೂ ಬರೆದುಕೊಳ್ಳಿ.

ಈಗ ಅಲ್ಲಿರುವವರನ್ನು ಮಾತಾಡಿಸಿ. "ರೂಮ್ ಶಾಂತವಾಗಿದೆಯಾ?" ಅಂತ ಕೇಳಿದರೆ "ಹ್ಞೂಂ, ಪರವಾಗಿಲ್ಲ" ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಬೇರೆ ಥರ ಕೇಳಿ. "ಕಳೆದ ವಾರ ರಾತ್ರಿ ಯಾವತ್ತಾದರೂ ಎಚ್ಚರ ಆಯ್ತಾ? ಯಾತರ ಸದ್ದಿಗೆ?" "ನೀವು ಎಷ್ಟು ಗಂಟೆಗೆ ಮಲಗೋದು?" (ಎರಡು ಗಂಟೆಗೆ ಮಲಗುವವರಿಗೆ ಹನ್ನೊಂದರ ಗಲಾಟೆ ಗೊತ್ತೇ ಇರುವುದಿಲ್ಲ.) "ಕಿವಿಗೆ ಏನಾದ್ರೂ ಹಾಕ್ಕೊಂಡು ಮಲಗ್ತೀರಾ?" "ಮುಂದಿನ ವರ್ಷ ಇದೇ ರೂಮ್ ಇಟ್ಕೋತೀರಾ, ಇಲ್ಲ ಅಂದ್ರೆ ಯಾಕೆ?" ಕೊನೆಯ ಪ್ರಶ್ನೆಗೆ ಬರುವ ಉತ್ತರ ಸಾಮಾನ್ಯವಾಗಿ ತುಂಬ ಪ್ರಾಮಾಣಿಕವಾಗಿರುತ್ತದೆ. ಸ್ವಚ್ಛ ಮಾಡುವ ಸಿಬ್ಬಂದಿಯನ್ನೂ ರಾತ್ರಿ ಕಾವಲಿನವರನ್ನೂ ಕೇಳಿ. ಯಾವ ಮಹಡಿಯಲ್ಲಿ ಗಲಾಟೆ, ಯಾವ ಪೈಪು ಸೋರುತ್ತದೆ ಅನ್ನುವುದೆಲ್ಲ ಅವರಿಗೆ ಗೊತ್ತಿರುವಷ್ಟು ವಾರ್ಡನ್‌ಗೂ ಗೊತ್ತಿರುವುದಿಲ್ಲ.

ಜನ

ಕಟ್ಟಡ ಬದಲಾಗುವುದಿಲ್ಲ, ಜನ ಪ್ರತಿ ವರ್ಷ ಬದಲಾಗುತ್ತಾರೆ. ಈ ವರ್ಷ ಶಾಂತವಾಗಿದ್ದ ಮಹಡಿಗೆ ಮುಂದಿನ ವರ್ಷ ಎಂಟು ಜನರ ಒಂದು ಗೆಳೆಯರ ಗುಂಪು ಸಾಲಾಗಿ ರೂಮ್ ತಗೊಂಡರೆ ಮುಗಿಯಿತು. ಅವರದ್ದೇನೂ ತಪ್ಪಿಲ್ಲ, ಗೆಳೆಯರು ಹತ್ತಿರ ಇದ್ದರೆ ಬಾಗಿಲು ತೆರೆದಿರುತ್ತದೆ, ಮಾತು ಕಾರಿಡಾರಿಗೆ ಬರುತ್ತದೆ. ಮೊದಲ ವರ್ಷದವರನ್ನು ಯಾವ ಮಹಡಿಗೆ ಹಾಕುತ್ತಾರೆ ಅಂತ ಕೇಳಿ ಅಲ್ಲಿಂದ ದೂರ ಇರಿ. ಸ್ನಾತಕೋತ್ತರ ವಿದ್ಯಾರ್ಥಿಗಳ, ಇಲ್ಲ ವಯಸ್ಸಿನಲ್ಲಿ ದೊಡ್ಡವರ ಮಹಡಿ ಇದ್ದರೆ ನಿಮಗೆ ಅಲ್ಲಿ ಅವಕಾಶ ಇದೆಯೇ ಅಂತ ವಿಚಾರಿಸಿ. ಕೆಲವು ವರ್ಷ ಕೆಲಸ ಮಾಡಿ ಓದಿಗೆ ಮರಳಿದವರು ಇದನ್ನು ಧೈರ್ಯವಾಗಿ ಕೇಳಬೇಕು, ಕೇಳದಿದ್ದರೆ ಎಷ್ಟೋ ಸಲ ಹದಿನೆಂಟರ ಮಕ್ಕಳ ನಡುವೆಯೇ ಹಾಕಿಬಿಡುತ್ತಾರೆ.

ಸದ್ದು ಮಾಡಬಾರದ ಮಹಡಿ ಅಂತಲೇ ಪ್ರತ್ಯೇಕವಾಗಿ ಇಟ್ಟಿರುವ ಕಡೆ ನಿಯಮ ಏನು ಅನ್ನುವುದಕ್ಕಿಂತ ಅದು ನಡೆಯುತ್ತದೆಯೇ ಅನ್ನುವುದನ್ನು ನೋಡಿ. ಯಾರಾದರೂ ದೂರು ಕೊಟ್ಟರೆ ರಾತ್ರಿ ಬಂದು ಹೇಳುವವರು ಇದ್ದಾರೆಯೇ? ಆ ಮಹಡಿಯನ್ನು ತಾವೇ ಕೇಳಿ ಪಡೆದವರು ಎಷ್ಟು, ಬೇರೆಲ್ಲೂ ಜಾಗ ಇಲ್ಲದೆ ಬಂದವರು ಎಷ್ಟು? ತಾವಾಗಿ ಬಂದವರೇ ಜಾಸ್ತಿ ಇದ್ದರೆ ನಿಯಮ ಯಾರೂ ನೆನಪಿಸದೆಯೂ ನಡೆಯುತ್ತದೆ.

ನಾನು ಮಾಡಿದ್ದರಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಮಾತ್ರ ಇದು. ಬೇಗ ಮಲಗುವ ಇಬ್ಬರು ಸಹಪಾಠಿಗಳನ್ನು ಮೊದಲೇ ಮಾತಾಡಿಸಿ, ಮೂರೂ ಜನ ಸಾಲಾಗಿರುವ ಮೂರು ಸಿಂಗಲ್ ರೂಮುಗಳಿಗೆ ಅರ್ಜಿ ಹಾಕಿದೆವು. ನಡುವಿನದು ನನ್ನದು. ಹೀಗೆ ಎರಡು ಗೋಡೆಗಳ ಚಿಂತೆ ಒಂದೇ ಏಟಿಗೆ ಹೋಯಿತು. ಅವರು ಆಪ್ತ ಗೆಳೆಯರೇ ಆಗಿರಬೇಕಾಗಿಲ್ಲ. ನಿಜ ಹೇಳಬೇಕೆಂದರೆ ಆಪ್ತರಲ್ಲದಿದ್ದರೆ ಇನ್ನೂ ಒಳ್ಳೆಯದು, ಆಪ್ತರಾದರೆ ರಾತ್ರಿಯೆಲ್ಲ ನಾವೇ ಮಾತಾಡುತ್ತಾ ಕೂರುತ್ತೇವೆ.

ಏನನ್ನು ಬಿಡಬಹುದು, ಏನನ್ನು ಬಿಡಬಾರದು

ಎಲ್ಲ ಆರು ಮುಖವೂ ಚೆನ್ನಾಗಿರುವ ರೂಮು ಸಿಗುವುದು ಅಪರೂಪ. ಅಳತೆಯನ್ನು ಬಿಡಿ, ನೋಟವನ್ನು ಬಿಡಿ, ಹೊಸ ಪೀಠೋಪಕರಣದ ಆಸೆಯನ್ನೂ ಬಿಡಿ. ಹಳೆಯ ಕಟ್ಟಡಗಳನ್ನು ಬೇಡ ಅನ್ನುವ ಮೊದಲು ಗೋಡೆ ತಟ್ಟಿ ನೋಡಿ, ದಪ್ಪ ಗೋಡೆ ಅಲ್ಲೇ ಸಿಗಬಹುದು. ಆದರೆ ದೂರವನ್ನು ಯೋಚಿಸಿ ಬಿಡಿ. ತರಗತಿಯಿಂದ ತುಂಬ ದೂರದ ಕಟ್ಟಡ ಶಾಂತವೇ ಇರಬಹುದು, ನಡುವೆ ಒಂದು ಗಂಟೆ ಬಿಡುವು ಸಿಕ್ಕಾಗ ಅಲ್ಲಿಗೆ ಹೋಗಿ ಬರಲು ಆಗದಿದ್ದರೆ ಆ ಶಾಂತಿ ರಾತ್ರಿಗೆ ಮಾತ್ರ.

ಒಂಟಿತನದ ಮಾತನ್ನೂ ಹೇಳಲೇಬೇಕು. ಸಿಂಗಲ್ ರೂಮ್, ಕಾರಿಡಾರಿನ ತುದಿ, ಕೊನೆಯ ಮಹಡಿ, ಮೂರೂ ಸೇರಿದರೆ ಕೆಲವು ದಿನ ಯಾರ ಮುಖವನ್ನೂ ನೋಡದೆ ಸಂಜೆಯಾಗುತ್ತದೆ. ಕೆಲವರಿಗೆ ಅದು ಬೇಕಾದದ್ದೇ. ಮನಸ್ಸು ಕುಗ್ಗುವ ಅಭ್ಯಾಸ ಇರುವವರು ಮಾತ್ರ ಇದನ್ನು ಹಗುರವಾಗಿ ನೋಡಬೇಡಿ. ಊಟಕ್ಕೋ ಓದಿಗೋ ದಿನಕ್ಕೊಮ್ಮೆ ಜನರ ನಡುವೆ ಹೋಗುವ ಏರ್ಪಾಡು ರೂಮ್ ಆರಿಸುವಾಗಲೇ ಇರಲಿ.

ಆರಿಸುವ ದಿನ

ಒಂದೇ ರೂಮಿನ ಮೇಲೆ ಮನಸ್ಸಿಡಬೇಡಿ. ಎಂಟು ಹತ್ತು ರೂಮುಗಳ ಪಟ್ಟಿ, ಇಷ್ಟದ ಕ್ರಮದಲ್ಲಿ, ಪ್ರತಿಯೊಂದರ ಮುಂದೆ ಒಂದು ಸಾಲಿನ ಕಾರಣದ ಜೊತೆ. ನಿಮ್ಮ ಸರದಿ ಬರುವಷ್ಟರಲ್ಲಿ ಮೊದಲ ನಾಲ್ಕು ಹೋಗಿರಬಹುದು, ಆಗ ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಆರಿಸುವ ಹಾಗೆ ಆಗಬಾರದು. ಮೆಟ್ಟಿಲ ಬಾಗಿಲು, ಕೆಳಗೆ ಮೆಷಿನ್, ಲಿಫ್ಟಿನ ಮೋಟಾರು, ಇಂಥ ರೂಮುಗಳ ನಂಬರುಗಳನ್ನು "ಬೇಡವೇ ಬೇಡ" ಅಂತ ಬೇರೆ ಬರೆದಿಡಿ. ಪಟ್ಟಿಯಲ್ಲಿದ್ದ ಸಿಂಗಲ್‌ಗಳೆಲ್ಲ ಹೋಗಿ, ಬೇಡದ ಪಟ್ಟಿಯ ಸಿಂಗಲ್ ಮಾತ್ರ ಉಳಿದಿದ್ದರೆ? ನಾನಾದರೆ ಶಾಂತ ಸ್ವಭಾವದ ಒಬ್ಬರ ಜೊತೆ ಒಳ್ಳೆಯ ಜಾಗದ ಡಬಲ್ ರೂಮ್ ತಗೊಂಡು, ಸಿಂಗಲ್‌ಗೆ ಕಾಯುವವರ ಪಟ್ಟಿಯಲ್ಲಿ ಹೆಸರು ಬರೆಸುತ್ತೇನೆ. ವರ್ಷದ ಶುರುವಿನಲ್ಲಿ ಬಾರದೇ ಉಳಿಯುವವರು ಇದ್ದೇ ಇರುತ್ತಾರೆ, ರೂಮುಗಳು ಖಾಲಿಯಾಗುತ್ತವೆ.

ಸೇರಿದ ಮೊದಲ ವಾರ

ಮಂಚವನ್ನು ಹೊರಗೋಡೆಗೋ ಕಪಾಟಿನ ಕಡೆಗೋ ಸರಿಸಿ, ಪೈಪಿನ ಗೋಡೆಗೆ ತಲೆ ಬೇಡ. ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ಸುತ್ತಿದ ಉದ್ದನೆಯ ಸುರುಳಿಯೋ ರಬ್ಬರಿನ ಪಟ್ಟಿಯೋ ಇಡಿ. ಬಾಗಿಲಿಗೆ ಮೊಳೆ ಹೊಡೆಯುವುದು, ಅಂಟಿಸುವುದು ಏನೇ ಇದ್ದರೂ ಆಫೀಸಿನಲ್ಲಿ ಕೇಳಿ ಮಾಡಿ, ಬೆಂಕಿ ತಡೆಯಲೆಂದೇ ಹಾಕಿದ ಬಾಗಿಲನ್ನು ಮುಟ್ಟುವ ಹಾಗಿಲ್ಲ. ನಿಮ್ಮ ಕುರ್ಚಿಯ ಕಾಲಿಗೆ ಬಟ್ಟೆಯ ತುಂಡು ಅಂಟಿಸಿ, ಕೆಳಗಿನವರೂ ನಿಮ್ಮ ಹಾಗೆಯೇ ರೂಮ್ ಹುಡುಕಿ ಬಂದವರಿರಬಹುದು. ಸ್ಪಂಜಿನ ಇಯರ್‌ಪ್ಲಗ್‌ಗಳ ಡಬ್ಬಿಯ ಮೇಲೆ 33 ಡೆಸಿಬಲ್ ಅಂತೆಲ್ಲ ಬರೆದಿರುತ್ತದೆ, ಅದು ಪ್ರಯೋಗಾಲಯದ ಲೆಕ್ಕ. ಅದನ್ನು ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು, ಒಳಗಿಟ್ಟು, ಉಬ್ಬುವವರೆಗೆ ಬೆರಳಿಂದ ಹಿಡಿದುಕೊಂಡರೆ ಮಾತ್ರ ಅದರ ಹತ್ತಿರಕ್ಕೆ ಬರುತ್ತದೆ. ಹಾಕಿಕೊಂಡ ಮೇಲೂ ಬೆಂಕಿಯ ಅಲಾರಂ ಕೇಳುತ್ತದೆಯೇ ಅಂತ ಅಲಾರಂ ಪರೀಕ್ಷಿಸುವ ದಿನ ನೋಡಿಕೊಳ್ಳಿ. ಫ್ಯಾನಿನ ಸದ್ದು ದೂರದ ಮಾತನ್ನು ಮುಚ್ಚುತ್ತದೆ, ಹೆಜ್ಜೆಯ ಸದ್ದನ್ನು ಅಷ್ಟಾಗಿ ಮುಚ್ಚುವುದಿಲ್ಲ.

ಮತ್ತೆ ಅದೇ ಪಟ್ಟಿ ಶುರು ಮಾಡಿ, ಹೊತ್ತು, ಸದ್ದು, ಎಲ್ಲಿಂದ. ರೂಮ್ ಬದಲಾಯಿಸುವ ಅರ್ಜಿಗೆ ಹೆಚ್ಚಿನ ಕಡೆ ಶುರುವಿನ ಕೆಲವೇ ವಾರ ಅವಕಾಶ ಇರುತ್ತದೆ. ಅಷ್ಟರೊಳಗೆ ಏನಾದರೂ ಸರಿಯಿಲ್ಲ ಅನ್ನಿಸಿದರೆ ಮೊದಲು ಪಕ್ಕದವರ ಬಾಗಿಲು ತಟ್ಟಿ ಹಗಲು ಹೊತ್ತಿನಲ್ಲಿ ಸಮಾಧಾನವಾಗಿ ಹೇಳಿ, ಸದ್ದು ಆಗುತ್ತಿರುವಾಗ ಸಿಟ್ಟಿನಲ್ಲಿ ಹೋಗಬೇಡಿ. ಅದರಿಂದ ಆಗದಿದ್ದರೆ ಆ ಪಟ್ಟಿಯನ್ನೇ ಅರ್ಜಿಗೆ ಲಗತ್ತಿಸಿ ವಾರ್ಡನ್‌ಗೆ ಕೊಡಿ. "ತುಂಬ ಗಲಾಟೆ" ಅನ್ನುವ ಅರ್ಜಿ ಮೂಲೆಯಲ್ಲಿ ಉಳಿಯುತ್ತದೆ. ಏಳು ರಾತ್ರಿಯಲ್ಲಿ ಐದು ರಾತ್ರಿ, ಒಂದೂವರೆಯಿಂದ ಎರಡೂವರೆ, ಮೇಲಿನ ಪಂಪು ಅಂತ ಬರೆದುಕೊಟ್ಟರೆ ಪಂಪಿನ ಹೊತ್ತನ್ನಾದರೂ ಬದಲಾಯಿಸುತ್ತಾರೆ.